ಮೋಟರ್ ಕೊನೆಗೆ ಕೊಳ್ಳಿ

ಸಿಎನ್‌ಸಿ ರೌಟರನ್ನು ಸ್ವಂತವಾಗಿ ಕಟ್ಟಲು ಹೊರಟವರು ಮೊದಲು ಕೇಳುವುದು ಮೋಟರ್ ಎಷ್ಟು ದೊಡ್ಡದಿರಬೇಕು ಎಂದು. ಸಿಂಧನೂರು, ಮಸ್ಕಿ ಕಡೆಯ ಬಡಗಿಯೊಬ್ಬರು ಸಾಗವಾನಿ ಬಾಗಿಲಿನ ಕೆತ್ತನೆಗೆ ಯಂತ್ರ ಕಟ್ಟುವುದಾದರೆ, ಮೊದಲು ನೋಡಬೇಕಾದ್ದು ಸ್ಕ್ರೂ.

ಸಾಮಾನ್ಯ ಸ್ಟೆಪರ್ ಮೋಟರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಸುತ್ತಿಗೆ 5 ಮಿ.ಮೀ. ಸರಿಸುವ ಬಾಲ್ ಸ್ಕ್ರೂ ಹಾಕಿದರೆ ಹೆಜ್ಜೆಗೆ 0.025 ಮಿ.ಮೀ. ಅಲ್ಯೂಮಿನಿಯಂಗೆ ಇದು ಒಳ್ಳೆಯದು. ಮರವನ್ನಾದರೆ ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಕೊರೆಯಬಹುದು. ಅದಕ್ಕೆ ಈ ಸ್ಕ್ರೂ ನಿಮಿಷಕ್ಕೆ 600 ಸುತ್ತು ತಿರುಗಬೇಕು. ಸುತ್ತಿಗೆ 10 ಮಿ.ಮೀ. ಸರಿಸುವ ಸ್ಕ್ರೂಗೆ 300 ಸಾಕು. ಬಾಗಿಲಿನ ಬಳ್ಳಿ, ಹೂವಿಗೆ 0.05 ಮಿ.ಮೀ. ಹೆಜ್ಜೆ ಧಾರಾಳವಾಯಿತು. ಎಂಟು ಅಡಿ ಉದ್ದದ ಅಕ್ಷಕ್ಕೆ ಮಾತ್ರ 16 ಮಿ.ಮೀ. ದಪ್ಪದ ಸ್ಕ್ರೂ ಬೇಡ, ವೇಗ ಏರಿದಂತೆ ನಡುವೆ ಬಾಗಿ ಅದುರುತ್ತದೆ. ಅಲ್ಲಿ ರ‍್ಯಾಕ್ ಮತ್ತು ಪಿನಿಯನ್ನೇ ಸರಿ.

ಸುತ್ತು ಕಡಿಮೆ ಇರಲಿ ಎನ್ನಲು ಕಾರಣವಿದೆ. ಮೋಟರಿನ ಮೇಲೆ ಬರೆದಿರುವ ಟಾರ್ಕ್ ಅದು ನಿಂತಿದ್ದಾಗಿನದು. ಪ್ರತಿ ಹೆಜ್ಜೆಗೂ ಸುರುಳಿಯಲ್ಲಿ ಕರೆಂಟ್ ಹೊಸದಾಗಿ ಏರಬೇಕು. ವೇಗ ಹೆಚ್ಚಿದಂತೆ ಏರಲು ಸಮಯ ಸಿಗುವುದಿಲ್ಲ, ಟಾರ್ಕ್ ಕುಸಿಯುತ್ತದೆ. ದೊಡ್ಡ ಮೋಟರಿನ ಸುರುಳಿ ಇನ್ನೂ ನಿಧಾನವಾಗಿರಬಹುದು. ಆದ್ದರಿಂದ ಹಣವನ್ನು ಡ್ರೈವರ್ ಮತ್ತು ವೋಲ್ಟೇಜಿಗೆ ಹಾಕುವುದು ಜಾಣತನ. 24 ವೋಲ್ಟಿಗಿಂತ 36ರಲ್ಲಿ ಅದೇ ಮೋಟರ್ ಚುರುಕಾಗುತ್ತದೆ. ಆದರೆ 50 ವೋಲ್ಟ್ ಮಿತಿಯ ಡಿಎಂ542 ಡ್ರೈವರಿಗೆ 48 ವೋಲ್ಟ್ ಕೊಡಬೇಡಿ: ಭಾರದ ಗ್ಯಾಂಟ್ರಿ ಥಟ್ಟನೆ ನಿಲ್ಲುವಾಗ ಮೋಟರೇ ಜನರೇಟರಾಗಿ ವೋಲ್ಟೇಜನ್ನು ಹಿಂದಕ್ಕೆ ತಳ್ಳುತ್ತದೆ.

ಬರಿಯ ಸ್ಟೆಪರ್ ಹೆಜ್ಜೆ ತಪ್ಪಿದರೂ ಕಂಟ್ರೋಲರಿಗೆ ತಿಳಿಯದು. ಅಲ್ಲಿಂದ ಮುಂದಿನ ಹೂವೆಲ್ಲ ಪಕ್ಕಕ್ಕೆ ಸರಿದು ಕೆತ್ತಲ್ಪಡುತ್ತದೆ. ದುಬಾರಿ ಮರ ಕೊರೆಯುವವರು ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪರಿಗೆ ಇನ್ನಷ್ಟು ಖರ್ಚು ಮಾಡುವುದು ನ್ಯಾಯ.

ರಾಯಚೂರು ಜಿಲ್ಲೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಮೀಟರ್ ಉಕ್ಕಿನ ಸ್ಕ್ರೂ 20 ಡಿಗ್ರಿ ಬಿಸಿಯೇರಿದರೆ ಸುಮಾರು 0.23 ಮಿ.ಮೀ. ಹಿಗ್ಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಅಳೆದು ಹೊಂದಿಸಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದದು. ಬಾಗಿಲಿಗೆ ಇದು ತೊಂದರೆಯಲ್ಲ, ಗೇರಿನ ತಟ್ಟೆಗೆ ತೊಂದರೆ. ಮರದ ಹೊಟ್ಟು, ಎರೆಮಣ್ಣಿನ ದೂಳು ಗ್ರೀಸಿಗೆ ಅಂಟಿದರೆ ರೇಲು ಸವೆಯುತ್ತದೆ. ಬ್ಲಾಕಿಗೆ ಸೀಲ್ ಇರುವ ಚೌಕ ಲೀನಿಯರ್ ರೇಲನ್ನೇ ಆರಿಸಿ, ರೇಲಿಗೆ ಬೆಲ್ಲೋಸ್ ಹೊದಿಸಿ. ಡ್ರೈವರ್ ಪೆಟ್ಟಿಗೆಯ ಫ್ಯಾನಿಗೂ ಜಾಲರಿ ಬೇಕು.

ಇನ್ನು ಕರೆಂಟ್ ಹೋದಾಗ ಏನಾಗುತ್ತದೆ? ಬಾಲ್ ಸ್ಕ್ರೂವಿನಲ್ಲಿ ಘರ್ಷಣೆ ಎಷ್ಟು ಕಡಿಮೆ ಎಂದರೆ, ಮೋಟರಿನ ಹಿಡಿತ ಬಿಟ್ಟೊಡನೆ ಸ್ಪಿಂಡಲಿನ ಭಾರವೇ ಸ್ಕ್ರೂವನ್ನು ತಿರುಗಿಸಿ ಕೆಳಗೆ ಬೀಳಬಹುದು, ಬಿಟ್ ಮರದೊಳಕ್ಕೆ ಇಳಿಯಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥಲ್ಲಿ ಜನರನ್ನು ಇಳಿಸುವ ಕೇಜಿಗೂ ಇದೇ ಪ್ರಶ್ನೆ, ಉತ್ತರವೂ ಇದೇ: ಕರೆಂಟ್ ಇದ್ದಾಗ ಬಿಡುವ, ಹೋದಾಗ ಸ್ಪ್ರಿಂಗಿನಿಂದ ಹಿಡಿಯುವ ಬ್ರೇಕ್. ಮೇಲೆ ಕೆಳಗೆ ಚಲಿಸುವ ಅಕ್ಷಕ್ಕೆ ಅಂಥ ಬ್ರೇಕಿರುವ ಮೋಟರನ್ನೇ ಕೇಳಿ ಕೊಳ್ಳಿ.