ಹವ್ಯಾಸಿಗಳ ಮೈಕ್‌ಗೆ ಸಿ.ಡಿ. ಕಾಲದ ಮೂರು ತಂತಿ

ಹವ್ಯಾಸಿಗಳು ಐಎನ್‌ಎಂಪಿ441 ಎಂಬ ಪುಟ್ಟ ಡಿಜಿಟಲ್ ಮೈಕ್ ಮಾಡ್ಯೂಲನ್ನು ಇಎಸ್‌ಪಿ32 ಬೋರ್ಡಿಗೆ ಜೋಡಿಸುವಾಗ, ವಿದ್ಯುತ್ ಪೂರೈಕೆಯನ್ನು ಬಿಟ್ಟರೆ ಧ್ವನಿಯ ಸಾಗಾಟಕ್ಕೆ ಬೇಕಾಗುವುದು ಮೂರೇ ತಂತಿಗಳು. ಈ ತಂತಿಗಳು ಪಾಲಿಸುವ ಐ2ಎಸ್ ನಿಯಮಾವಳಿಯನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಇಂಥ ಮೈಕ್ ಅಲ್ಲ, ಸಿ.ಡಿ. ಪ್ಲೇಯರು.

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಸಂಗೀತವು ಸೆಕೆಂಡಿಗೆ 44,100 ಮಾದರಿಗಳಂತೆ ಎಡ–ಬಲ ಎರಡೂ ಕಡೆಗೆ 16 ಬಿಟ್‌ಗಳ ಅಂಕಿಗಳಾಗಿ ಅಡಗಿರುತ್ತಿತ್ತು. ಆ ಅಂಕಿಗಳನ್ನು ಓದುವ, ಸೋಸುವ ಮತ್ತು ಮರಳಿ ಧ್ವನಿತರಂಗವಾಗಿಸುವ ಚಿಪ್‌ಗಳು ಬೇರೆ ಬೇರೆಯಾಗಿದ್ದುದರಿಂದ ಅವುಗಳ ನಡುವೆ ಒಂದು ಸಮಾನ ಒಪ್ಪಂದ ಬೇಕಾಯಿತು. ಫಿಲಿಪ್ಸ್ 1986ರಲ್ಲಿ ಪ್ರಕಟಿಸಿದ ಐ2ಎಸ್ ಅಂಥ ಒಪ್ಪಂದ. ಅದರಲ್ಲಿ ಒಂದು ತಂತಿ ತಾಳ ಹಾಕುವ ಕ್ಲಾಕ್; ಇನ್ನೊಂದು, ಈಗ ಹರಿಯುತ್ತಿರುವುದು ಎಡಗಡೆಯ ಅಂಕಿಯೋ ಬಲಗಡೆಯದೋ ಎಂದು ಸೂಚಿಸುವ ವರ್ಡ್ ಸೆಲೆಕ್ಟ್; ಮೂರನೆಯದು ಬಿಟ್‌ಗಳನ್ನೇ ಹೊತ್ತೊಯ್ಯುವ ಡೇಟಾ. ಅಂಕಿಯ ಅತಿ ಹೆಚ್ಚು ಬೆಲೆಯ ಬಿಟ್ ಮೊದಲು ಹೊರಡಬೇಕೆಂಬ ನಿಯಮದಲ್ಲಿ ನಿಜವಾದ ದೂರದೃಷ್ಟಿಯಿದೆ: ಕಳಿಸುವ ಚಿಪ್ ಹೆಚ್ಚು ಬಿಟ್ ಕಳಿಸಿದರೆ ಪಡೆಯುವ ಚಿಪ್ ತನಗೆ ಬೇಡದ ಬಾಲವನ್ನು ಕೈಬಿಡುತ್ತದೆ, ಕಡಿಮೆ ಬಂದರೆ ಉಳಿದ ಜಾಗಕ್ಕೆ ಸೊನ್ನೆ ತುಂಬಿಕೊಳ್ಳುತ್ತದೆ, ಪರಸ್ಪರ ಅಳತೆ ತಿಳಿದಿರಬೇಕಾದ ಅಗತ್ಯ ಇಬ್ಬರಿಗೂ ಇಲ್ಲ. 16 ಬಿಟ್‌ಗಳ ಕಾಲದ ಈ ನಿಯಮಕ್ಕೆ 24 ಬಿಟ್‌ಗಳ ಮೈಕ್ ತಕರಾರಿಲ್ಲದೆ ಹೊಂದಿಕೊಂಡದ್ದು ಇದರಿಂದಲೇ.

ಮೈಕ್ ಮಾತ್ರ ಬೇರೆಯೇ ದಾರಿಯಲ್ಲಿ ಬಂತು. ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ, ವಿದ್ಯುದಾವೇಶವನ್ನು ಕಾಯಂ ಆಗಿ ಹಿಡಿದಿಟ್ಟುಕೊಂಡ ತೆಳುಪೊರೆಯ ಎಲೆಕ್ಟ್ರೆಟ್ ಮೈಕ್ ಬಹುಕಾಲ ಹವ್ಯಾಸಿಗಳ ಆಸರೆಯಾಗಿತ್ತಾದರೂ, ಅದರ ಕ್ಷೀಣ ಸಂಕೇತಕ್ಕೆ ಆಂಪ್ಲಿಫೈಯರ್ ಬೇಕಿತ್ತು ಮತ್ತು ಬೋರ್ಡಿನ ವಿದ್ಯುತ್ ಗದ್ದಲವೂ ಅದರೊಳಗೆ ಸೇರಿಕೊಳ್ಳುತ್ತಿತ್ತು. ಸಿಲಿಕಾನಿನಲ್ಲೇ ಪೊರೆಯನ್ನು ಕೆತ್ತುವ ಮೆಮ್ಸ್ ತಂತ್ರ ಮೊಬೈಲ್ ಫೋನ್‌ಗಳ ಮೂಲಕ ಹಬ್ಬಿದ ಮೇಲೆ, ತರಂಗವನ್ನು ಅಂಕಿಯಾಗಿಸುವ ಪರಿವರ್ತಕವೂ ಪೊರೆಯ ಪಕ್ಕದಲ್ಲೇ, ಅದೇ ಲೋಹದ ಕವಚದೊಳಗೆ ನೆಲೆಸಿತು.

ಇಷ್ಟಾದರೂ ಬೋರ್ಡುಗಳು ಸಿದ್ಧವಿರಲಿಲ್ಲ. ಸೆಕೆಂಡಿಗೆ 16,000 ಮಾದರಿ, ಪ್ರತಿ ಮಾದರಿಗೆ ಎಡ–ಬಲ ಸೇರಿ 64 ಕ್ಲಾಕ್ ಬಡಿತ ಎಂದರೆ ಸೆಕೆಂಡಿಗೆ 10,24,000 ಬಡಿತಗಳಾಗುತ್ತವೆ. ಒಂದೇ ಮೈಕ್‌ನ ಅಂಕಿಗಳನ್ನು 32 ಬಿಟ್‌ಗಳಂತೆ ಹಾಗೆಯೇ ಇಟ್ಟುಕೊಂಡರೂ ಸೆಕೆಂಡಿಗೆ 64,000 ಬೈಟ್ ಬೇಕು. ಆಗಿನ ಆರ್ಡುಯಿನೊ ಉನೊ ಬೋರ್ಡಿನ 2 ಕಿಲೋಬೈಟ್ ಸ್ಮೃತಿ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತಿಗೇ ತುಂಬಿಹೋಗುತ್ತಿತ್ತು, ಐ2ಎಸ್ ಯಂತ್ರಾಂಶವಂತೂ ಅದರಲ್ಲಿರಲಿಲ್ಲ. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದ ಇಎಸ್‌ಪಿ32ರಲ್ಲಿ 520 ಕಿಲೋಬೈಟ್ ಸ್ಮೃತಿಯ ಜೊತೆಗೆ ಐ2ಎಸ್ ಘಟಕಗಳೂ, ಪ್ರೊಸೆಸರಿನ ಕೈ ತಾಗದೆ ಬಿಟ್‌ಗಳನ್ನು ನೇರವಾಗಿ ಸ್ಮೃತಿಗೆ ಸಾಗಿಸುವ ಡಿಎಂಎ ವ್ಯವಸ್ಥೆಯೂ ಇದ್ದುದರಿಂದ ಈ ಜೋಡಣೆ ಮನೆಯ ಮೇಜಿನ ಮೇಲೆ ಸಾಧ್ಯವಾಯಿತು.

ಹೊಸಬರನ್ನು ಕಾಡುವ ತೊಡಕುಗಳಲ್ಲಿ ಹಲವು ಈ ವಂಶಾವಳಿಯಿಂದಲೇ ಬಂದವು. ಸ್ಟೀರಿಯೊಗಾಗಿ ಹುಟ್ಟಿದ ನಿಯಮವಾದ್ದರಿಂದ ಒಂಟಿ ಮೈಕ್ ಕೂಡ ತಾನು ಎಡವೋ ಬಲವೋ ಎಂದು ಹೇಳಿಕೊಳ್ಳಲೇಬೇಕು. ಎಲ್/ಆರ್ ಎಂಬ ಪಿನ್ನನ್ನು ಗ್ರೌಂಡಿಗೆ ಸೇರಿಸಿದರೆ ಅದು ಎಡದ ಸರದಿಯಲ್ಲಷ್ಟೇ ಮಾತಾಡಿ, ಬಲದ ಸರದಿಯಲ್ಲಿ ಡೇಟಾ ತಂತಿಯನ್ನು ಬಿಟ್ಟುಕೊಡುತ್ತದೆ. ಪ್ರೋಗ್ರಾಮು ಬಲಗಡೆಯನ್ನು ಕೇಳುತ್ತ ಕುಳಿತರೆ ಸದ್ದಿನ ಸುಳಿವೇ ಸಿಗದು. ಆದರೆ ಇದೇ ಏರ್ಪಾಡಿನಿಂದ, ಎರಡನೆಯ ಮೈಕ್‌ನ ಎಲ್/ಆರ್ ಪಿನ್ನನ್ನು 3.3 ವೋಲ್ಟಿಗೆ ಸೇರಿಸಿ ಎರಡನ್ನೂ ಅವೇ ಮೂರು ತಂತಿಗಳಲ್ಲಿ ನಡೆಸಬಹುದು. 24 ಬಿಟ್‌ಗಳು 32ರ ಚೌಕಟ್ಟಿನ ಮೇಲ್ತುದಿಗೆ ಅಂಟಿಕೊಂಡು ಬರುವುದರಿಂದ ಅಂಕಿಯನ್ನು 8 ಸ್ಥಾನ ಬಲಕ್ಕೆ ಸರಿಸಿದ ಮೇಲೆಯೇ ಅದರ ನಿಜವಾದ ಬೆಲೆ ಕಾಣುತ್ತದೆ. ಇನ್ನೊಂದು ಸಂಗತಿ ಮಾತ್ರ ಸಿ.ಡಿ.ಯ ಬಳುವಳಿಯಲ್ಲ, ಮೈಕ್‌ನದೇ ಗುಣ: ವಿದ್ಯುತ್ ಬಂದ ಮೇಲಿನ ಮೊದಲ 2,62,144 ಕ್ಲಾಕ್ ಬಡಿತಗಳವರೆಗೆ, ಅಂದರೆ ಮೇಲೆ ಹೇಳಿದ ವೇಗದಲ್ಲಿ ಸುಮಾರು ಕಾಲು ಸೆಕೆಂಡು, ಐಎನ್‌ಎಂಪಿ441 ಸೊನ್ನೆಗಳನ್ನಷ್ಟೇ ಕಳಿಸುತ್ತದಾದ್ದರಿಂದ, ಆರಂಭದ ಮಾದರಿಗಳನ್ನು ಮಾತ್ರ ನೋಡಿ ವೈರಿಂಗ್ ಬಿಚ್ಚಲು ಹೊರಡುವುದು ಅವಸರವಾದೀತು.