ಪುನಶ್ಚೇತನ ವೈದ್ಯರನ್ನು ಹುಡುಕುವ ಬಗೆ

ಪಾರ್ಶ್ವವಾಯು ಬಡಿದವರ ಪ್ರಾಣ ಉಳಿಯಿತೆಂದರೆ ವೈದ್ಯರ ಕೆಲಸ ಮುಗಿಯಿತೆಂದೇ ನಮ್ಮಲ್ಲಿ ಬಹುಮಂದಿಯ ನಂಬಿಕೆ. ಬಲಗೈ ಬಿದ್ದುಹೋದ ನನ್ನ ಸೋದರಮಾವನವರಿಗಾದರೋ ನಿಜವಾದ ಕಷ್ಟ ಮೊದಲಾದದ್ದು ಮನೆಗೆ ಬಂದ ಮೇಲೆ. ಅಂಗಿಯ ಗುಂಡಿ ಹಾಕುವುದೆಂತು? ಬಚ್ಚಲಿಗೆ ಹೋಗುವುದೆಂತು? ಊರಿನವರೆಲ್ಲ ಎಣ್ಣೆ ತಿಕ್ಕುವವರ ವಿಳಾಸ ಕೊಟ್ಟರೇ ಹೊರತು, ಇದಕ್ಕೆಂದೇ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್ ಎಂಬ ವೈದ್ಯಶಾಖೆಯುಂಟೆಂದು ಯಾರೂ ಹೇಳಲಿಲ್ಲ.

ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರು 1954ರ ಮೋಟಾರು ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡರೂ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ನ್ಯೂಯಾರ್ಕಿನಲ್ಲಿ ಈ ಶಾಖೆಯನ್ನು ಕಲಿತು ಬಂದು ವೆಲ್ಲೂರಿನಲ್ಲಿ ಬೆಳೆಸಿದರು.

ಇಂಥ ವೈದ್ಯರು ಇಂದಿಗೂ ವಿರಳ. ಎಂ.ಬಿ.ಬಿ.ಎಸ್. ಆದ ಮೇಲೆ ಇದೇ ವಿಷಯದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಪಡೆದಿರುವರೇ ಎಂದು ವಿಚಾರಿಸಬೇಕು. ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರು ಬೇರೆ. ಅವರ ನೆರವೂ ಬೇಕು. ದೊಡ್ಡ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕೇಳುವುದು ಲೇಸು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ವಿಭಾಗವಿದೆ. ತಡ ಮಾಡಲಾಗದು, ಏಕೆಂದರೆ ಪಾರ್ಶ್ವವಾಯುವಿನಲ್ಲಿ ಹೆಚ್ಚಿನ ಚೇತರಿಕೆ ಮೊದಲ ಕೆಲವು ತಿಂಗಳಲ್ಲೇ ಆಗುತ್ತದೆ. ಹೋಗುವಾಗ ಆಸ್ಪತ್ರೆಯ ಕಾಗದಪತ್ರಗಳ ಜೊತೆಗೆ, ರೋಗಿಯು ಮನೆಯಲ್ಲಿ ಯಾವ ಯಾವ ಕೆಲಸ ಮಾಡಲಾರರೆಂಬುದನ್ನೂ ಬರೆದು ಒಯ್ಯಿರಿ. ಆ ವೈದ್ಯರಿಗೆ ಮುಖ್ಯವಾಗಿ ಬೇಕಾದದ್ದು ಅದೇ.