ತಾಯಿ ಕಾರ್ಡಿನ ಕೆಂಪು ಸ್ಟಿಕ್ಕರ್

ನಮ್ಮ ಕಡೆ ಬಸುರಿ, ಬಾಣಂತಿ ಎಂದರೆ ಅದು ಹೆಂಗಸರ ವಿಚಾರ. ಏನು ತಿನ್ನಬೇಕು, ಸೀಮಂತ ಯಾವಾಗ, ತವರಿಗೆ ಕಳಿಸುವುದು ಎಂದು ಎಲ್ಲವನ್ನೂ ಅಮ್ಮ, ಅತ್ತೆ, ಅಜ್ಜಿಯರೇ ತೀರ್ಮಾನಿಸುತ್ತಾರೆ. ಮನೆಯ ಹುಡುಗರಿಗೆ ಕೆಲಸ ಬೀಳುವುದು ನೋವು ಕಾಣಿಸಿಕೊಂಡ ರಾತ್ರಿ, ಗಾಡಿ ಹುಡುಕುವಾಗ. ತಾಯಿ ಕಾರ್ಡ್ ಬೀರುವಿನಲ್ಲಿ ಯಾವ ಸೀರೆಯ ಕೆಳಗಿದೆ ಎಂಬುದೇ ಆಗ ದೊಡ್ಡ ಹುಡುಕಾಟ. ಆ ಕಾರ್ಡಿನ ಮೇಲೆ ಕೆಂಪು ಸ್ಟಿಕ್ಕರ್ ಇದ್ದರೆ ಏನರ್ಥ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ನಮ್ಮ ವಯಸ್ಸಿನವರಲ್ಲಿ ಎಷ್ಟು ಜನ ಹೇಳಬಲ್ಲರು?

ಬೀದಿಗೊಬ್ಬರು ಸಿಗುತ್ತಾರೆ

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತೊಂದರೆಯ ಲಕ್ಷಣ ಇಲ್ಲದಿದ್ದರೆ ಕಾರ್ಡಿಗೆ ಹಸಿರು ಸ್ಟಿಕ್ಕರ್, ಹೈ ರಿಸ್ಕ್ ಆದರೆ ಕೆಂಪು.

ಹೈ ರಿಸ್ಕ್ ಅಂದಕೂಡಲೇ ಎಲ್ಲೋ ಸಾವಿರಕ್ಕೊಂದು ಕೇಸು ಎಂದುಕೊಳ್ಳುತ್ತೇವೆ. ಆದರೆ ತೀವ್ರ ರಕ್ತಹೀನತೆ, ಬಿಪಿ, ಸಕ್ಕರೆ, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್, ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿರುವುದು, ತೀರಾ ಚಿಕ್ಕ ವಯಸ್ಸು ಇವೆಲ್ಲ ಈ ಪಟ್ಟಿಗೇ ಸೇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನೂರು ಹೆರಿಗೆಯಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಹೀಗಿರುವಾಗ ಕೆಂಪು ಸ್ಟಿಕ್ಕರಿನವರು ಬೀದಿಗೊಬ್ಬರು ಸಿಗುತ್ತಾರೆ.

ಅದೇ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಇಲ್ಲಿ ತೀರಿಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ ಆ ಸಂಖ್ಯೆ 19. ಆಸ್ಪತ್ರೆ ಮುಟ್ಟಿದರಷ್ಟೇ ಸಾಲದು. ಎಷ್ಟು ಹೊತ್ತಿಗೆ ಮುಟ್ಟಿದೆವು, ಯಾವ ಆಸ್ಪತ್ರೆ ಮುಟ್ಟಿದೆವು ಎಂಬುದರ ಮೇಲೆ ಜೀವ ನಿಂತಿದೆ.

'ಗ್ಯಾಸ್ಟ್ರಿಕ್ ಇರ್ಬೇಕು, ಸೋಡ ಕುಡಿ'

ಅಪರೂಪದ ಕೇಸುಗಳಲ್ಲಿ ಮೊದಲು ತಿಳಿದುಕೊಳ್ಳಬೇಕಾದ್ದು ಗರ್ಭಕೋಶದ ಹೊರಗೆ, ಹೆಚ್ಚಾಗಿ ಅದರ ನಾಳದಲ್ಲೇ, ಭ್ರೂಣ ಬೆಳೆಯುವುದು. ನೂರು ಗರ್ಭದಲ್ಲಿ ಒಂದೋ ಎರಡೋ ಹೀಗಾಗುತ್ತವೆ. ಆ ಸಣ್ಣ ನಾಳ ಎಷ್ಟು ದಿನ ತಡೆದೀತು? ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಸ್ವಲ್ಪವೇ ಕಾಣಬಹುದು, ಕಾಣದೆಯೂ ಇರಬಹುದು. ಬಸುರಿ ಎಂದು ಆಕೆಗೇ ಗೊತ್ತಿರದ ಐದು, ಆರು, ಏಳನೇ ವಾರದಲ್ಲಿ ಹೊಟ್ಟೆಯ ಒಂದು ಬದಿಯಲ್ಲಿ ನೋವು ಬರುತ್ತದೆ. ಹೆಗಲ ತುದಿ ನೋಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮನೆಯವರು ಸೋಡ ಕುಡಿಸುತ್ತಾರೆ, ಇಲ್ಲವೇ ಮೆಡಿಕಲ್ ಸ್ಟೋರಿನಿಂದ ಒಂದು ಮಾತ್ರೆ ತರುತ್ತಾರೆ.

ಮುಟ್ಟು ತಪ್ಪಿದ ಹೆಣ್ಣಿಗೆ ಹೊಟ್ಟೆನೋವು ಬಂದು ತಲೆ ಸುತ್ತಿದರೆ ಅದು ಗ್ಯಾಸ್ಟ್ರಿಕ್ ಎಂದು ಮನೆಯಲ್ಲೇ ತೀರ್ಪು ಕೊಡಬಾರದು. ಮೂತ್ರದ ಒಂದು ಪರೀಕ್ಷೆ, ಒಂದು ಸ್ಕ್ಯಾನಿಂಗ್ ಆದರೆ ವಿಷಯ ತಿಳಿಯುತ್ತದೆ. ಬೇಗ ಗೊತ್ತಾದರೆ ಎಷ್ಟೋ ಸಲ ಆಪರೇಷನ್ ಇಲ್ಲದೆ, ಇಂಜೆಕ್ಷನ್ನಿನಲ್ಲೇ ಮುಗಿಯುತ್ತದೆ.

ಮೈಮೇಲೆ ಬಂದಿದ್ದಲ್ಲ

'ಬಸುರೀರ್ಗೆ ಕಾಲು ಊದ್ಕೊಳ್ಳೋದು ಇದ್ದದ್ದೇ ಬುಡು' ಎಂಬ ಮಾತು ಕೇಳದ ಮನೆಯಿಲ್ಲ. ಬರೀ ಕಾಲು ಊದಿಕೊಂಡರೆ ಅದು ಬಹಳ ಸಲ ನಿಜವೂ ಹೌದು. ಆದರೆ ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ಮುಟ್ಟಿತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು ಎಂದರೆ ಅದು ಗರ್ಭಿಣಿಯರ ನಂಜು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬಂದರೆ ಫಿಟ್ಸ್ ದೂರವಿಲ್ಲ ಎಂದರ್ಥ. ಹೆರಿಗೆಯಾದ ಮೇಲೂ ಇದು ಬರಬಹುದು. ಬಾಣಂತಿಗೆ ತಲೆನೋವು ಎಂದರೆ ಶೀತವೆಂದು ಕಿವಿಗೆ ಹತ್ತಿ ಇಟ್ಟು ಸುಮ್ಮನಾಗುವ ಹಾಗಿಲ್ಲ.

ಫಿಟ್ಸ್ ಬಂದಾಗ ನಾವು ಮಾಡುವುದೇನು? ಕೈಗೆ ಕಬ್ಬಿಣ ಕೊಡುತ್ತೇವೆ, ಮೈಮೇಲೆ ಬಂದಿದೆ ಎಂದು ವೀಳ್ಯ ಹಿಡಿದು ಕೂರುತ್ತೇವೆ. ಇದಕ್ಕೆ ಮದ್ದು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್. ನಂಜಿರುವ ಗರ್ಭಿಣಿಗೆ ಇದನ್ನು ಕೊಟ್ಟರೆ ಫಿಟ್ಸಿನ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು 2002ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ. ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದು. ಆಕೆಯನ್ನು ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡುವುದು ಮನೆಯವರ ಕೆಲಸ.

ಗಂಡಿಗಾಗಿ ಇನ್ನೊಂದು ಸಲ

ಇನ್ನೊಂದು ತೊಂದರೆ ಸಿಸೇರಿಯನ್ ಹೆಚ್ಚಿದಂತೆ ಹೆಚ್ಚುತ್ತಿದೆ. ಹಳೆಯ ಹೊಲಿಗೆಯ ಜಾಗದಲ್ಲಿ ಮಾಸು, ಅಂದರೆ ಮಗುವಿನ ಕಸ, ಗರ್ಭಕೋಶದ ಗೋಡೆಗೆ ಬೇರು ಬಿಟ್ಟಂತೆ ಅಂಟಿಕೊಳ್ಳುತ್ತದೆ. ಹೆರಿಗೆಯಲ್ಲಿ ಅದು ಬಿಡಿಸಿಕೊಳ್ಳುವುದಿಲ್ಲ. ಕೀಳಲು ಹೋದರೆ ರಕ್ತದ ಕಾಲುವೆ. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಕೆಳಗೆ ಕೂತಿರುವ ಗರ್ಭಿಣಿಯರಲ್ಲಿ ಈ ಅಪಾಯ ಎಷ್ಟೆಂದು ಅಮೆರಿಕದ ವೈದ್ಯರು 2006ರಲ್ಲಿ ಲೆಕ್ಕ ಕೊಟ್ಟರು. ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ 11, ಎರಡು ಆದವರಲ್ಲಿ 40.

ಈಗ ನಮ್ಮ ಜಿಲ್ಲೆಯ ಮಾತು. ಎರಡು ಸಿಸೇರಿಯನ್, ಎರಡೂ ಹೆಣ್ಣುಮಕ್ಕಳು. 'ಒಂದು ಗಂಡು ಆಗ್ಲಿ, ಇದೊಂದ್ಸಲ' ಎನ್ನುವ ಮಾತು ಎಷ್ಟು ಮನೆಗಳ ಜಗುಲಿಯಲ್ಲಿ ಕೇಳುವುದಿಲ್ಲ? ಆ ಒಂದು ಸಲಕ್ಕೆ ಒತ್ತೆ ಇಡುವುದು ಇರುವ ಎರಡು ಮಕ್ಕಳ ತಾಯಿಯನ್ನು.

ಇದರ ಇನ್ನೊಂದು ಮುಖ ಪತ್ರಿಕೆಗಳಲ್ಲೇ ಬಂದಿದೆ. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲ 2023ರ ನವೆಂಬರ್‌ನಲ್ಲಿ ಸುದ್ದಿಯಾದಾಗ, ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತೆಂದು ತಿಳಿಯಿತು. 2024ರ ಮೇನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದಲ್ಲೇ ಅಂಥ ಗರ್ಭಪಾತದ ಪ್ರಕರಣ ಹೊರಬಿತ್ತು. 1994ರ ಕಾಯ್ದೆ ಭ್ರೂಣಲಿಂಗ ಪತ್ತೆಯನ್ನು ಅಪರಾಧ ಎನ್ನುತ್ತದೆ. ವೈದ್ಯಕೀಯವಾಗಿ ನೋಡಿದರೂ ಭಯವೇ ಆಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಲಿಂಗ ತಿಳಿಯುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ. ಆಗ ರಕ್ತಸ್ರಾವ ಹೆಚ್ಚು, ನಂಜೇರುವುದು ಹೆಚ್ಚು, ಗರ್ಭಕೋಶಕ್ಕೇ ತೂತು ಬೀಳಬಹುದು. ಕದ್ದು ಮಾಡಿಸಿದ್ದು ತಾಯಿ ಕಾರ್ಡಿನಲ್ಲಿ ಬರೆಯುವುದೂ ಇಲ್ಲ. ಮುಂದಿನ ಬಸುರಿನಲ್ಲಿ ಕೆಂಪು ಸ್ಟಿಕ್ಕರ್ ಬೀಳಬೇಕಾದ ಕಾರ್ಡಿಗೆ ಹಸಿರು ಬೀಳುತ್ತದೆ. ಡಾಕ್ಟರ್ ಆ ಹಸಿರನ್ನೇ ನಂಬಿ ಹೆರಿಗೆಗೆ ಕೂರುತ್ತಾರೆ.

ರಕ್ತ ಕಾಯುವುದಿಲ್ಲ

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡದಿದ್ದರೆ ಒಂದೆರಡು ಗಂಟೆಯಲ್ಲೇ ಜೀವ ಹೋಗಬಹುದು. ಮೊದಲೇ ರಕ್ತಹೀನತೆ ಇರುವವರಿಗೆ ಅಷ್ಟೂ ಸಮಯವಿಲ್ಲ.

ಇದನ್ನು ಹಳ್ಳಿಯಲ್ಲೂ ತಡೆಯಬಹುದೆಂದು ತೋರಿಸಿದ್ದು ನಮ್ಮದೇ ರಾಜ್ಯ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳನ್ನು ಅಧ್ಯಯನ ಮಾಡಿದರು. ನರ್ಸಮ್ಮಂದಿರೇ ಹೆರಿಗೆ ಮಾಡಿಸಿ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಅಳತೆ ಗೆರೆಯಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹೋದ ರಕ್ತವನ್ನು ಅಳೆದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವ ಆಗಿದ್ದರೆ, ಸಿಕ್ಕವರಲ್ಲಿ ಅದು 6.4ಕ್ಕೆ ಇಳಿದಿತ್ತು. ಹೋಗುತ್ತಿರುವುದು ಎಷ್ಟೆಂದು ಬೇಗ ತಿಳಿಯುವುದೂ ಚಿಕಿತ್ಸೆಯ ಭಾಗವೇ.

ನಮ್ಮ ನಾಲ್ಕು ತಾಲ್ಲೂಕಿಗೆ ಈ ಸಮಯದ ಲೆಕ್ಕ ಒಂದೇ ರೀತಿ ಇಲ್ಲ. ಶ್ರೀರಂಗಪಟ್ಟಣದಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ. ಪಾಂಡವಪುರಕ್ಕೆ ಮಂಡ್ಯದ ಮಿಮ್ಸ್ ಕೂಡ ಆಗುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೇ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕೆ.ಆರ್.ಪೇಟೆಯ ಕಿಕ್ಕೇರಿ ಕಡೆಯವರಿಗಾದರೆ ಮಂಡ್ಯಕ್ಕೂ ಮೈಸೂರಿಗೂ ಗಂಟೆಗೂ ಮೀರಿದ ದಾರಿ. ಮೊದಲು ಒಂದು ಆಸ್ಪತ್ರೆ, ಅಲ್ಲಿಂದ ಇನ್ನೊಂದು, ಅಲ್ಲಿಂದ ಮತ್ತೊಂದು ಎಂದು ಸುತ್ತುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಕೆಂಪು ಸ್ಟಿಕ್ಕರ್ ಇದ್ದವರು ಎಲ್ಲಿಗೆ ಹೋಗಬೇಕೆಂಬುದು ಏಳನೇ ತಿಂಗಳಲ್ಲೇ ನಿಶ್ಚಯವಾಗಿರಬೇಕು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬಯಲಲ್ಲಿ ಗುಡಿಸಲು ಹಾಕಿಕೊಂಡ ಹೆಣ್ಣುಮಕ್ಕಳಿಗೆ ಆಶಾ ಕಾರ್ಯಕರ್ತೆಯ ಪರಿಚಯವೂ ಇರುವುದಿಲ್ಲ. ಗದ್ದೆಯವರು ಒಂದು ಮಾತು ಮುಟ್ಟಿಸಬೇಕು.

ನಮ್ಮ ಪಾಲಿನ ಕೆಲಸ

ರಕ್ತ ಅಂಗಡಿಯಲ್ಲಿ ಸಿಗುವುದಿಲ್ಲ. 18 ತುಂಬಿ, 45 ಕೆ.ಜಿ. ತೂಕ, 12.5 ಹಿಮೋಗ್ಲೋಬಿನ್ ಇದ್ದು ಆರೋಗ್ಯವಾಗಿರುವವರು ರಕ್ತ ಕೊಡಬಹುದು. ಹುಡುಗರು ಮೂರು ತಿಂಗಳಿಗೊಮ್ಮೆ, ಹುಡುಗಿಯರು ನಾಲ್ಕು ತಿಂಗಳಿಗೊಮ್ಮೆ. ಗಣೇಶೋತ್ಸವದ ಹುಡುಗರ ವಾಟ್ಸ್‌ಆ್ಯಪ್ ಗ್ರೂಪ್ ಪ್ರತಿ ಊರಲ್ಲೂ ಇದೆ. ಅದರಲ್ಲೇ ಯಾರದು ಯಾವ ರಕ್ತದ ಗುಂಪು ಎಂದು ಬರೆದಿಟ್ಟರೆ ಎಷ್ಟೋ ಅಲೆದಾಟ ತಪ್ಪುತ್ತದೆ. ನೆಗೆಟಿವ್ ಗುಂಪಿನವರ ಹೆಸರಂತೂ ಮೊದಲೇ ಗೊತ್ತಿರಬೇಕು.

ಮುಂದಿನ 9ನೇ ತಾರೀಖು ಮನೆಯ ಬಸುರಿಯ ಜೊತೆ ಆಸ್ಪತ್ರೆಗೆ ನೀವೂ ಹೋಗಿ. ಹೊರಗೆ ಮರದಡಿ ಮೊಬೈಲ್ ನೋಡುತ್ತ ನಿಲ್ಲಬೇಡಿ. ಒಳಗೆ ಹೋಗಿ ಕೇಳಿ: ಹಿಮೋಗ್ಲೋಬಿನ್ ಎಷ್ಟಿದೆ, ಬಿಪಿ ಎಷ್ಟಿದೆ, ಮಾಸು ಎಲ್ಲಿ ಕೂತಿದೆ, ಹೆರಿಗೆಗೆ ಯಾವ ಆಸ್ಪತ್ರೆಗೆ ಬರಬೇಕು, ಅಲ್ಲಿ ರಕ್ತ ಸಿಗುತ್ತದೆಯೇ. ಈ ಐದಕ್ಕೆ ಉತ್ತರ ಬರೆದುಕೊಂಡು, ತಾಯಿ ಕಾರ್ಡಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ನೋವು ಬರುವ ರಾತ್ರಿ ಬೀರುವಿನಲ್ಲಿ ಹುಡುಕುವ ಹೊತ್ತು ಉಳಿಯುತ್ತದೆ.